ಸುಟ್ಟ ಕಾಡು, ಮರಕುಟಿಗ ಮತ್ತು ಸಿಡಿಲು ಬಡಿದ ತೆಂಗು

ಪ್ರಶ್ನೆ: ಮಾಸ್ಟ್ರೇ, ನನ್ನ ಅಕ್ಕನ ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಕಾಳ್ಗಿಚ್ಚಿಗೆ ಸುಟ್ಟ ಕಾಡಿಗೆ ಹೋಗಿ ಮರಕುಟಿಗದ ಫೋಟೊ ತೆಗೆದು ಕಳಿಸಿದ್ದಾನೆ. ಬೆನ್ನು ಪೂರ್ತಿ ಕಪ್ಪು. ಕುದುರೆಮುಖದ ಕಡೆಯೂ ಬೇಸಿಗೆಯಲ್ಲಿ ಬೆಂಕಿ ಬೀಳುತ್ತದಲ್ಲ, ಅಲ್ಲಿ ಹುಡುಕಿದರೆ ಸಿಗಬಹುದೇ?
– ಓದುಗರು, ಕಾರ್ಕಳ

ಉತ್ತರ: ಕಾಲು ನೋವು ಸಿಕ್ಕೀತು ಮಾರಾಯ್ರೆ, ಹಕ್ಕಿ ಕಷ್ಟ.

ನಿಮ್ಮ ಅಳಿಯ ನೋಡಿದ್ದು ಕಪ್ಪು ಬೆನ್ನಿನ ಮರಕುಟಿಗ ಇರಬೇಕು. ಅದು ಬರುವುದು ಹುಳಕ್ಕಾಗಿ. ಅಲ್ಲಿ ಪೈನ್, ಫರ್ ಮರಗಳು ಬೆಂಕಿಗೆ ನಿಂತಲ್ಲೇ ಸಾಯುತ್ತವೆ. ಮರ ಕೊರೆಯುವ ದುಂಬಿಗಳು ಮುಗಿಬಿದ್ದು ಮೊಟ್ಟೆ ಇಡುತ್ತವೆ. ಮೆಲನೊಫಿಲಾ ಎಂಬ ಗುಂಪಿನ ದುಂಬಿಗಳ ಮೈಯಲ್ಲೇ ಬೆಂಕಿಯ ಶಾಖ ಹಿಡಿಯುವ ಅಂಗ ಇದೆ. ಹೊಗೆ ಆರುವ ಮೊದಲೇ ಅವು ಹಾಜರ್! ಮುಂದೆ ಕೆಲವು ವರ್ಷ ತೊಗಟೆಯಡಿ ಹುಳಗಳ ಸಂತೆ. ಅದು ಮುಗಿಯಿತೋ, ಹಕ್ಕಿಯೂ ಜಾಗ ಖಾಲಿ ಮಾಡುತ್ತದೆ.

ಅವನು ಮತ್ತೆ ಹೋದರೆ ಮೊದಲು ಮರದ ಬುಡ ನೋಡಲಿ. ಮಸಿ ಹಿಡಿದ ಕಾಂಡದ ಮೇಲೆ ಕಪ್ಪು ಬೆನ್ನು ಕಾಣುವುದೇ ಇಲ್ಲ. ಬುಡದಲ್ಲಿ ಹೊಸ ತೊಗಟೆ ಚಕ್ಕೆ ಬಿದ್ದಿದ್ದರೆ ತಲೆ ಎತ್ತಬೇಕು. ಕಿತ್ತ ಜಾಗ ಮಾತ್ರ ತಿಳಿಬಣ್ಣಕ್ಕೆ ಎದ್ದು ಕಾಣುತ್ತದೆ. ಅಲ್ಲೇ ಸುಮ್ನೆ ನಿಂತು ಕುಟ್ಟುವ ಸದ್ದಿಗೆ ಕಿವಿ ಕೊಡಲಿ. ನೆತ್ತಿ ಹಳದಿ ಇದ್ದರೆ ಗಂಡು. ಗಾಳಿ ಇರುವ ದಿನ ಹೋಗುವುದು ಬೇಡ. ಸುಟ್ಟ ಮರ ಯಾವಾಗ ಉರುಳುತ್ತದೋ ಹೇಳಲಾಗದು.

ಕುದುರೆಮುಖದಲ್ಲಿ ಜಾಸ್ತಿ ಉರಿಯುವುದು ಗುಡ್ಡೆಯ ಹುಲ್ಲು. ಕಣಿವೆಯ ಶೋಲಾ ಕಾಡಲ್ಲಿ ತೇವ ಇರುತ್ತದೆ, ಬೆಂಕಿ ಸುಲಭಕ್ಕೆ ಒಳಗೆ ಹೋಗುವುದಿಲ್ಲ. ಬೋಳು ಗುಡ್ಡೆಯಲ್ಲಿ ಮರಕುಟಿಗಕ್ಕೇನು ಕೆಲಸ? ಅದೂ ರಾಷ್ಟ್ರೀಯ ಉದ್ಯಾನ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ.

ಅದಕ್ಕಿಂತ ಸಿಡಿಲು ಬಡಿದ ತೆಂಗು ಹುಡುಕಿ. ಮಣಿಪಾಲದ ನಮ್ಮ ಮನೆ ಹಿಂದೆ ತಲೆ ಹೋದದ್ದೊಂದಿದೆ. 'ಅದನ್ನೊಮ್ಮೆ ಕಡಿಸಿ' ಅಂತ ನೆರೆಯವರ ವರಾತ ತಪ್ಪಿಲ್ಲ. ನಾನು ಕೇಳಿಸದವನಂತೆ ಇದ್ದೇನೆ. ತುದಿಯಿಂದ ಎರಡು ಮೊಳ ಕೆಳಗೆ ದುಂಡನೆಯ ತೂತು, ಒಳಗೆ ಹೊಂಬೆನ್ನಿನ ಮರಕುಟಿಗದ ಸಂಸಾರ. ಬಾಲವನ್ನು ಕಾಂಡಕ್ಕೆ ಊರಿ, ಕೆಂಪು ಜುಟ್ಟು ಹಿಂದೆಳೆದು ಕುಟ್ಟುವಾಗ ಪುಡಿ ನಮ್ಮ ಬಟ್ಟೆ ಒಣಗಿಸುವ ಹಗ್ಗದವರೆಗೂ ಬರುತ್ತದೆ. ಹೆಂಡತಿಯ ಬೈಗುಳ ನನಗೆ. ಅವು ಬಿಟ್ಟುಹೋದ ಹಳೇ ತೂತಿನಲ್ಲಿ ಈಗ ಮಡಿವಾಳ ಹಕ್ಕಿ ಬಿಡಾರ ಹೂಡಿದೆ.

ನಿಮ್ಮ ತೋಟದಲ್ಲೂ ಅಂಥ ಮರ ಇದ್ದರೆ ಬಿಟ್ಟುಬಿಡಿ. ಮನೆ ಮೇಲೆ ಬೀಳುವ ಹಾಗಿದ್ದರೆ ಕಡಿಸಲೇಬೇಕು, ಆದರೆ ದೀಪಾವಳಿ ಹೊತ್ತಿಗೆ ಕಡಿಸಿ. ಫೆಬ್ರವರಿ ಬಂದರೆ ಅವುಗಳ ಮೊಟ್ಟೆ, ಮರಿಯ ಕಾಲ.