ವೇಷವೇ ಪದ ಹೇಳಿದರೆ

ಸಾಗರದ ಟೀಚರ್ ಒಬ್ಬರು ಬರೆದಿದ್ದಾರೆ: ‘ಶಾಲೆಯ ವಾರ್ಷಿಕೋತ್ಸವಕ್ಕೆ ಹುಡುಗಿಯರು ‘ಎಕ್ಸಾಟಿಕ್’ ಅನ್ನೋ ಹಾಡು ಹಿಡಿದು ಕೂತಿದ್ದಾರೆ. ಹಾಡಿದ್ದು ಪ್ರಿಯಾಂಕಾ ಚೋಪ್ರಾ ಅಂತೆ. ಸಿನಿಮಾದಲ್ಲಿ ಅಷ್ಟು ಹೆಸರು ಮಾಡಿದವರಿಗೆ ಈ ಉಸಾಬರಿ ಯಾಕೆ ಬೇಕಿತ್ತು? ಸೋತರು ಅಂತ ತಾನೇ ಬಿಟ್ಟಿದ್ದು?’

ಸಂಪಾದಕರ ಉತ್ತರ:

ಟೀಚರ್, ನಿಮ್ಮ ಹುಡುಗಿಯರು ಹೇಳಿದ್ದು ಸರಿ. 2013ರ ಹಾಡು ಅದು. ಜೊತೆಗಿರುವುದು ಅಮೆರಿಕದ ರ‍್ಯಾಪ್ ಹಾಡುಗಾರ ಪಿಟ್‌ಬುಲ್, ಬೀಟ್ ಕಟ್ಟಿದ್ದು ಸಂಗೀತ ನಿರ್ಮಾಪಕ ರೆಡ್‌ಒನ್. ನಡುನಡುವೆ ಹಿಂದಿ ಸಾಲುಗಳೂ ಬರುತ್ತವೆ.

ಆದರೆ ಪ್ರಿಯಾಂಕಾ ಹಾಡಿದ್ದು ಅದೇ ಮೊದಲಲ್ಲ. 2000ದಲ್ಲಿ ಮಿಸ್ ವರ್ಲ್ಡ್ ಆದ ಮೇಲೆ ಅವರು ನಟಿಸಿದ ಮೊದಲ ಸಿನಿಮಾ ಹಿಂದಿಯದಲ್ಲ, ತಮಿಳಿನದು. 2002ರ ‘ತಮಿಳನ್’, ವಿಜಯ್ ನಾಯಕ. ಅದರಲ್ಲೇ ಒಂದು ಹಾಡು ಹಾಡಿದ್ದರು. ಆಮೇಲೆ ಹತ್ತು ವರ್ಷ ಬೇರೆಯವರ ದನಿಗೆ ತುಟಿ ಆಡಿಸಿದ್ದೇ ಜಾಸ್ತಿ. ‘ಫ್ಯಾಷನ್’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು.

ನನಗೆ ಮಜಾ ಅನ್ನಿಸುವುದು 2012ರ ಸೆಪ್ಟೆಂಬರ್. 13ಕ್ಕೆ ಅಮೆರಿಕದ ಟಿವಿಯಲ್ಲಿ, ಅಲ್ಲಿನವರ ಫುಟ್‌ಬಾಲ್ ಪಂದ್ಯದ ಹೊತ್ತಿಗೆ, ಪ್ರಿಯಾಂಕಾರ ಮೊದಲ ಇಂಗ್ಲಿಷ್ ಹಾಡು ‘ಇನ್ ಮೈ ಸಿಟಿ’ ಬಂತು. ಮಾರನೇ ದಿನ ಇಲ್ಲಿ ‘ಬರ್ಫಿ’ ಬಿಡುಗಡೆ. ಅದರಲ್ಲಿ ಅವರಿಗೆ ಮಾತೇ ಕಡಿಮೆ. ಇಲ್ಲಿ ಬಾಯಿ ಮುಚ್ಚಿ ಗೆದ್ದರು, ಅಲ್ಲಿ ಬಾಯಿ ಬಿಟ್ಟಿದ್ದಕ್ಕೆ ಬೈಸಿಕೊಂಡರು. ಹೌದು, ಮೈಬಣ್ಣ, ದೇಶ ಎಲ್ಲ ಹಿಡಿದು ಬೈದು ಬರೆದರೆಂದು ಅವರೇ ಹೇಳಿಕೊಂಡಿದ್ದಾರೆ.

ಯಕ್ಷಗಾನದ ಆಟದ ವಿಷಯ ನಿಮ್ಮ ಊರಿನವರಿಗೆ ನಾನು ಹೇಳಬೇಕಾ? ಭಾಗವತರು ಪದ, ಅಂದರೆ ಹಾಡು, ಹೇಳುತ್ತಾರೆ, ವೇಷ ಕುಣಿದು ಅರ್ಥ ಹೇಳುತ್ತದೆ. ವೇಷಕ್ಕೆ ಪದ ಬರುತ್ತಾ ಅಂತ ನಾವ್ಯಾರೂ ಕೇಳುವುದಿಲ್ಲ. ನಮ್ಮ ಸಿನಿಮಾವೂ ಹಾಗೇ. ಅಮೆರಿಕದ ಪಾಪ್‌ನಲ್ಲಿ ಈ ಅನುಕೂಲ ಇಲ್ಲ. ಕುಣಿಯುವವರೇ ಪದವನ್ನೂ ಹೇಳಬೇಕು. ಪ್ರಿಯಾಂಕಾ ಮೂವತ್ತರ ಹೊತ್ತಿಗೆ ಅದಕ್ಕೆ ಕೈಹಾಕಿದರು. ಧೈರ್ಯ ಬೇಕು, ಅಲ್ವಾ?

ಎಡವಿದ್ದು ಆರಿಸಿಕೊಂಡ ಹಾಡಿನ ಬಗೆಯಲ್ಲಿ. ಡ್ಯಾನ್ಸ್ ಮ್ಯೂಸಿಕ್‌ನಲ್ಲಿ ಬೀಟ್ ಕಟ್ಟುವವನೇ ಯಜಮಾನ. ಸಾಮಾನ್ಯವಾಗಿ ನಿಮಿಷಕ್ಕೆ 120-130 ಬೀಟ್. ದನಿಯನ್ನು ಕತ್ತರಿಸಿ, ಯಂತ್ರದಲ್ಲಿ ನುಣುಪು ಮಾಡಿ ಅದರ ನಡುವೆ ಕೂರಿಸುತ್ತಾರೆ. ‘ಎಕ್ಸಾಟಿಕ್’ನಲ್ಲಿ ಅವರ ದನಿ, ಚೆಂಡೆಯ ಅಬ್ಬರದಲ್ಲಿ ಮಾತು ಕೇಳಿಸದ ವೇಷದ ಹಾಗೆ.

ಸೋಲಾ? ಬರಬೇಕಿದ್ದ ಆಲ್ಬಂ ಬರಲೇ ಇಲ್ಲ. ಬಿಡಿ ಹಾಡುಗಳು ಬಂದವು, 2017ರಲ್ಲಿ ಆಸ್ಟ್ರೇಲಿಯಾದ ಡಿಜೆ ವಿಲ್ ಸ್ಪಾರ್ಕ್ಸ್ ಜೊತೆಗಿನದೂ ಸೇರಿ, ಅಷ್ಟೇ. ಆ ಲೆಕ್ಕದಲ್ಲಿ ಸೋಲೇ, ಮುಚ್ಚಿಡುವುದೇನಿದೆ. ಆದರೆ 2015ರಲ್ಲೇ ಅಮೆರಿಕದ ‘ಕ್ವಾಂಟಿಕೊ’ ಧಾರಾವಾಹಿಯ ನಾಯಕಿಯಾಗಿದ್ದರು. ಹಾಡಿನಿಂದಾಗಿ ಅಲ್ಲಿಯವರಿಗೆ ಆ ಮುಖ ಅಷ್ಟರಲ್ಲಿ ಸ್ವಲ್ಪ ಪರಿಚಯವಾಗಿತ್ತು ಅಂತ ನನ್ನ ಲೆಕ್ಕ. ಮೆಣಸು ಕೈಕೊಟ್ಟಿತು ಅಂತ ಯಾರೂ ಅಡಿಕೆ ತೋಟ ಮಾರುವುದಿಲ್ಲ.

ಅವರ ದನಿಯನ್ನೇ ಕೇಳಬೇಕಾದರೆ 2014ರ ‘ಮೇರಿ ಕೋಮ್’ ಚಿತ್ರದ ಜೋಗುಳ ಹಾಕಿಕೊಳ್ಳಿ. ಅಬ್ಬರ ಇಲ್ಲ, ಪಕ್ಕದಲ್ಲಿ ಕೂತು ಹಾಡಿದ ಹಾಗಿದೆ. ಹುಡುಗಿಯರ ಕುಣಿತಕ್ಕೆ ಅದು ಆಗುವುದಿಲ್ಲ, ಅವರಿಗೆ ‘ಎಕ್ಸಾಟಿಕ್’ ಇರಲಿ. ಪಿಟ್‌ಬುಲ್ ಸಾಲುಗಳನ್ನು ಮಾತ್ರ ಮೊದಲು ನೀವೊಬ್ಬರೇ ಕೇಳಿ ನೋಡಿ. ಮುಂದಿನ ಸಾಲಿನಲ್ಲಿ ಹೆಡ್‌ಮಾಸ್ಟರ್ ಕೂತಿರುತ್ತಾರೆ.