ಇನ್ನೊಂದು ನೈಂಟಿ ಕೇಳಿದಾಗ: ಬಾರ್ ಸಪ್ಲೈಯರ್‌ಗಳ ಪ್ರಶ್ನೆಗಳಿಗೆ ಉತ್ತರ

ಗ್ಲಾಸ್ ತೊಳೆಯುವ ಹುಡುಗನಾಗಿ ಬಾರ್ ಕೆಲಸಕ್ಕೆ ಸೇರಿದವನು ನಾನು. ಸಪ್ಲೈಯರ್ ಆದೆ, ಸಪ್ಲೈಯರ್‌ಗಳನ್ನು ನೋಡಿಕೊಳ್ಳುವ ಕ್ಯಾಪ್ಟನ್ ಆದೆ, ಈಗ ಹೊಸಬರಿಗೆ ಕೆಲಸ ಕಲಿಸುತ್ತೇನೆ. ಈ ಸಲವೂ ಅವೇ ಪ್ರಶ್ನೆಗಳು ಬಂದಿವೆ. ಪೆಗ್ ಅಳೆಯುವುದು, ಟ್ರೇ ಹಿಡಿಯುವುದು ನಿಮಗೆ ಗೊತ್ತೇ ಇರುತ್ತದೆ. ಅದನ್ನು ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ.

ದಾವಣಗೆರೆಯಲ್ಲಿ ಸಪ್ಲೈಯರ್ ಆಗಿದ್ದೇನೆ. ದಿನಾ ಬರುವ ಯಜಮಾನರೊಬ್ಬರು ಜಾಸ್ತಿ ಆದ ಮೇಲೂ ಇನ್ನೊಂದು ನೈಂಟಿ (90 ಎಂ.ಎಲ್.) ಕೇಳುತ್ತಾರೆ. ಕೊಡಲ್ಲ ಅಂದರೆ ಗಲಾಟೆ, ಕೊಟ್ಟರೆ ಬೈಕ್ ಹತ್ತುತ್ತಾರೆ. ಮಾಲೀಕರು ‘ಕೇಳಿದ್ದು ಕೊಡು, ನಿನಗ್ಯಾಕೆ’ ಅನ್ನುತ್ತಾರೆ. ಏನು ಮಾಡಲಿ?

ಕೊಡಬೇಡಿ. ಆದರೆ ‘ಜಾಸ್ತಿ ಆದ ಮೇಲೆ’ ಅಂತ ಬರೆದಿದ್ದೀರಲ್ಲ, ತಪ್ಪು ಅಲ್ಲೇ ಇದೆ. ಕುಡಿದದ್ದು ಪೂರ್ತಿ ತಲೆಗೇರಲು ಅರ್ಧ ಗಂಟೆ ಬೇಕು, ಊಟದ ಜೊತೆ ಆದರೆ ಒಂದು ಗಂಟೆಗೂ ಜಾಸ್ತಿ. ಟೇಬಲ್ ಹತ್ತಿರ ನಿಂತಾಗ ನಿಮಗೆ ಕಾಣುವುದು ಅರ್ಧ ಗಂಟೆ ಹಿಂದೆ ಕುಡಿದದ್ದರ ಅಮಲು. ಕೊನೆಯ ಎರಡು ಪೆಗ್ ಇನ್ನೂ ಏರುತ್ತಲೇ ಇರುತ್ತದೆ. ಅವರು ತೂರಾಡಲಿ, ಆಮೇಲೆ ನಿಲ್ಲಿಸೋಣ ಅಂತ ಕಾದರೆ ಆಟ ಮುಗಿದಿರುತ್ತದೆ.

ದಿನಾ ಕುಡಿಯುವವರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ನಡಿಗೆ ನೆಟ್ಟಗಿರುತ್ತದೆ, ಮಾತು ತೊದಲುವುದಿಲ್ಲ. ಆದರೆ ಒಳಗೆ ರಕ್ತದಲ್ಲಿ ಇರುವ ಆಲ್ಕೋಹಾಲ್ ಏನೂ ಕಮ್ಮಿ ಇರುವುದಿಲ್ಲ. ಹಾಗಾಗಿ ಮುಖ ನೋಡಬೇಡಿ, ಲೆಕ್ಕ ನೋಡಿ. ಬಾಟಲಿ ಮೇಲೆ 42.8 ಪರ್ಸೆಂಟ್ ಅಂತ ಇರುತ್ತದೆ. ಅಂದರೆ 30 ಎಂ.ಎಲ್. ಸಣ್ಣ ಪೆಗ್‌ನಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್. ಅದನ್ನು ಇಳಿಸಲು ದೇಹಕ್ಕೆ ಹೆಚ್ಚುಕಮ್ಮಿ ಒಂದು ಗಂಟೆ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಒಂದು ಕ್ವಾರ್ಟರ್ (180 ಎಂ.ಎಲ್.) ಮುಗಿಸಿದವರಿಗೆ ಆರು ಗಂಟೆಯಾದರೂ ಬೇಕು. ನಿಮ್ಮ ಆರ್ಡರ್ ಚೀಟಿಯಲ್ಲಿ ಪ್ರತಿ ಪೆಗ್ ಮುಂದೆ ಟೈಮ್ ಬರೆಯಿರಿ. ನಾನು ಕಲಿಸುವ ಹುಡುಗರಿಗೆ ಮೊದಲ ದಿನವೇ ಮಾಡಿಸುವುದು ಇದನ್ನು.

ಟೇಬಲ್ ಮೇಲೂ ಕಣ್ಣಿಡಿ. ನನಗೆ ಒಬ್ಬರು ಚೆನ್ನಾಗಿ ನೆನಪಿದ್ದಾರೆ. ಆಶ್‌ಟ್ರೇಯಲ್ಲಿ ಒಂದು ಸಿಗರೇಟ್ ಉರಿಯುತ್ತಿತ್ತು, ಅವರು ಇನ್ನೊಂದು ಹಚ್ಚಿದರು. ಕಡಲೆಬೀಜ ತಟ್ಟೆಯಿಂದ ಎತ್ತಿದರೆ ಬಾಯಿಗೆ ಹೋಗುವ ಮೊದಲು ಎರಡು ಕಾಳು ಶರ್ಟ್ ಮೇಲೆ ಬೀಳುತ್ತಿದ್ದವು. ಮಗಳ ಮದುವೆ ವಿಷಯ ಮೂರನೇ ಸಲ ಹೇಳುತ್ತಿದ್ದರು, ಮೊದಲನೇ ಸಲ ಹೇಳಿದ ಹಾಗೆಯೇ. ಬೈಕ್ ಕೀ ಗ್ಲಾಸ್ ಪಕ್ಕದಲ್ಲೇ ಇತ್ತು. ಇಷ್ಟೆಲ್ಲ ನೋಡಿಯೂ ನಾನು ನೈಂಟಿ ಕೊಟ್ಟೆ. ಆಗ ಕೆಲಸಕ್ಕೆ ಹೊಸಬ, ಟಿಪ್ಸ್ ಚೆನ್ನಾಗಿ ಕೊಡುತ್ತಿದ್ದ ಕಸ್ಟಮರ್. ಅರ್ಧ ಕಿಲೋಮೀಟರ್ ಹೋಗುವುದರೊಳಗೆ ರಸ್ತೆ ಡಿವೈಡರ್‌ಗೆ ಗುದ್ದಿದರು. ಜೀವ ಉಳಿಯಿತು. ಬಲಗಾಲು ಮೊದಲಿನಂತೆ ಆಗಲಿಲ್ಲ. ಆ ನೈಂಟಿ ಅಳೆದು ಹಾಕಿದ್ದು ನನ್ನ ಕೈ.

ಹೇಳುವ ರೀತಿ ಹೀಗಿರಲಿ. ಎರಡು ಪೆಗ್ ಮೊದಲೇ ನಿಧಾನ ಮಾಡಿ. ಕೇಳದಿದ್ದರೂ ನೀರು ಇಡಿ, ಊಟದ ಆರ್ಡರ್ ತೆಗೆದುಕೊಳ್ಳಿ. ಖಾಲಿ ಗ್ಲಾಸ್ ಕಂಡ ತಕ್ಷಣ ‘ರಿಪೀಟ್ ಮಾಡ್ಲಾ ಸಾರ್’ ಅಂತ ಓಡಬೇಡಿ. ನಿಲ್ಲಿಸುವ ಹೊತ್ತು ಬಂದಾಗ ಜೊತೆಗಿರುವವರ ಮುಂದೆ ‘ನಿಮಗೆ ಜಾಸ್ತಿ ಆಗಿದೆ’ ಅನ್ನಲೇಬೇಡಿ. ಆ ಮಾತಿನಿಂದಲೇ ಮುಕ್ಕಾಲು ಜಗಳ ಹುಟ್ಟುತ್ತದೆ. ಎದುರಿಗೆ ನಿಲ್ಲದೆ ಪಕ್ಕಕ್ಕೆ ಬಗ್ಗಿ, ಮೆಲ್ಲಗೆ ಹೇಳಿ: ‘ಯಜಮಾನ್ರೇ, ಇವತ್ತಿಗೆ ಸಾಕು ಮಾಡೋಣ. ಊಟ ಬಿಸಿ ಇದೆ, ತರ್ತೀನಿ. ಗಾಡಿ ಇಲ್ಲೇ ಇರ್ಲಿ, ಆಟೋ ಕರೆಸ್ತೀನಿ.’ ಬೈದರೆ ಬೈಸಿಕೊಳ್ಳಿ, ವಾದ ಬೇಡ. ಅದೇ ಮಾತನ್ನು ಅದೇ ದನಿಯಲ್ಲಿ ಇನ್ನೊಮ್ಮೆ ಹೇಳಿ. ಮೈ ಮುಟ್ಟಬೇಡಿ, ಕೀ ಕಿತ್ತುಕೊಳ್ಳಬೇಡಿ. ಜೊತೆಗೆ ಕುಡಿಯದ ಗೆಳೆಯರಿದ್ದರೆ ಅವರನ್ನು ಪಕ್ಕಕ್ಕೆ ಕರೆದು ಹೇಳಿ, ಕೀ ಅವರೇ ಕೇಳಲಿ. ಯಾರೂ ಇಲ್ಲದೆ, ಮಾತೂ ಕೇಳದೆ ಗಾಡಿ ಹತ್ತಿದರೆ ಪೊಲೀಸರ 112ಕ್ಕೆ ಫೋನ್ ಮಾಡಿ. ಕಸ್ಟಮರ್ ಕಳೆದುಕೊಂಡರೂ ಪರವಾಗಿಲ್ಲ.

ಸ್ಟಾಕ್ ಇಲ್ಲ ಅಂತ ಸುಳ್ಳು ಹೇಳಬೇಡಿ, ಪಕ್ಕದ ಟೇಬಲ್‌ಗೆ ಅದೇ ಬ್ರ್ಯಾಂಡ್ ಹೋಗುವುದು ಅವರಿಗೆ ಕಾಣುತ್ತದೆ. ಗುಟ್ಟಾಗಿ ನೀರು ಬೆರೆಸಿ ಕೊಡುವುದನ್ನು ಕೆಲವರು ಜಾಣತನ ಅಂದುಕೊಂಡಿದ್ದಾರೆ. ಅದು ಮೋಸ. ಮುಖ್ಯವಾಗಿ, ಕ್ಯಾಪ್ಟನ್‌ಗೂ ಕೌಂಟರ್‌ಗೂ ಮೊದಲೇ ಹೇಳಿಡಿ. ನೀವು ಇಲ್ಲ ಅಂದದ್ದನ್ನು ಕ್ಯಾಷಿಯರ್ ಕೊಟ್ಟುಬಿಟ್ಟರೆ ನಾಳೆಯಿಂದ ನಿಮ್ಮ ಮಾತಿಗೆ ಬೆಲೆ ಇಲ್ಲ.

ಮಾಲೀಕರಿಗೆ ಒಂದೇ ಮಾತು. ಬಾರ್ ಒಳಗೆ ಕುಡಿದು ದಾಂಧಲೆ ಮಾಡಲು ಬಿಟ್ಟರೆ 1965ರ ಕರ್ನಾಟಕ ಅಬಕಾರಿ ಕಾಯ್ದೆ ಹಿಡಿಯುವುದು ಲೈಸೆನ್ಸ್ ಇರುವವರನ್ನು. ಒಂದು ನೈಂಟಿ ಲಾಭಕ್ಕೆ ಅಷ್ಟು ದೊಡ್ಡ ಲೈಸೆನ್ಸ್ ಪಣಕ್ಕಿಡುತ್ತಾರಾ, ಕೇಳಿ.

ಎಷ್ಟು ಪೆಗ್ ಕುಡಿದು ಗಾಡಿ ಓಡಿಸಬಹುದು ಅಂತ ಕಸ್ಟಮರ್ ಕೇಳಿದರೆ ಏನು ಹೇಳಲಿ?

ಒಂದೂ ಇಲ್ಲ. ಕಾನೂನಿನ ಮಿತಿ 100 ಎಂ.ಎಲ್. ರಕ್ತಕ್ಕೆ 30 ಮಿಲಿಗ್ರಾಂ. 60 ಕೆ.ಜಿ. ತೂಕದ ಗಂಡಸು ಬೇಗ ಬೇಗ ಎರಡು ಸಣ್ಣ ಪೆಗ್ ಹಾಕಿದರೆ ಅದನ್ನು ದಾಟುತ್ತಾರೆ. ಮೊದಲ ಸಲ ಸಿಕ್ಕಿಬಿದ್ದರೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

ಬ್ಲ್ಯಾಕ್ ಕಾಫಿ, ಮಜ್ಜಿಗೆ, ನಿಂಬೆಹಣ್ಣು, ಇದರಲ್ಲಿ ಯಾವುದು ಬೇಗ ಇಳಿಸುತ್ತದೆ?

ಯಾವುದೂ ಇಲ್ಲ. ಕಾಫಿ ಕುಡಿದವರು ಎಚ್ಚರವಾಗಿರುವ ಕುಡುಕರಾಗುತ್ತಾರೆ, ಅಷ್ಟೇ. ಇಳಿಸುವುದು ಹೊತ್ತು ಮಾತ್ರ.

ಬೀರ್ ಕುಡಿದರೆ ಏನೂ ಆಗಲ್ಲ, ಅಲ್ವಾ?

8 ಪರ್ಸೆಂಟ್ ಸ್ಟ್ರಾಂಗ್ ಬೀರ್ 650 ಎಂ.ಎಲ್. ಬಾಟಲಿ ಅಂದರೆ ನಾಲ್ಕು ಸಣ್ಣ ಪೆಗ್.

ಹುಡುಗ ಚಿಕ್ಕವನಂತೆ ಕಾಣುತ್ತಾನೆ, ಐಡಿ ಮನೆಯಲ್ಲಿದೆ ಅನ್ನುತ್ತಾನೆ.

ಮನೆಗೆ ಹೋಗಿ ತರಲಿ. 21 ಆಗದವರಿಗೆ ಕೊಡುವಂತಿಲ್ಲ.

ಕುಡಿದು ಟೇಬಲ್ ಮೇಲೆ ನಿದ್ದೆ ಹೋದವರನ್ನು ಮಲಗಲು ಬಿಡಬಹುದಾ?

ಬಿಡಬೇಡಿ. ಕೂಗಿ, ಭುಜ ಅಲುಗಾಡಿಸಿ. ಎದ್ದು ಸರಿಯಾಗಿ ಉತ್ತರ ಕೊಟ್ಟರೂ ಒಬ್ಬರನ್ನೇ ಬಿಡಬೇಡಿ. ಏಳದಿದ್ದರೆ, ಉಸಿರು ತೀರಾ ನಿಧಾನವಾಗಿದ್ದರೆ, ತುಟಿ ನೀಲಿಯಾಗಿದ್ದರೆ, ಮೈ ತಣ್ಣಗಿದ್ದರೆ ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ, 108ಕ್ಕೆ ಫೋನ್ ಮಾಡಿ. ಅಂಗಾತ ಮಲಗಿಸಿದರೆ ವಾಂತಿ ಗಂಟಲಿಗೆ ಸಿಕ್ಕಿ ಜೀವ ಹೋಗಬಹುದು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ದಡ್ಡತನ ಬೇಡವೇ ಬೇಡ. ಆಂಬುಲೆನ್ಸ್ ಬರುವವರೆಗೆ ಪಕ್ಕದಲ್ಲೇ ಕೂತಿರಿ.

ಕಸ್ಟಮರ್ ಒಬ್ಬರ ಹೆಂಡತಿ ಬಂದು ಕುಡಿತ ಬಿಡಿಸುವ ಪುಡಿ ಕೊಟ್ಟಿದ್ದಾರೆ. ‘ತಮ್ಮಾ, ಗ್ಲಾಸ್‌ಗೆ ಸ್ವಲ್ಪ ಬೆರೆಸಪ್ಪಾ’ ಅಂತ ಅಳುತ್ತಾರೆ.

ಬೆರೆಸಬೇಡಿ. ಗೋಡೆ ಮೇಲೆ, ಬಸ್ ಸೀಟಿನ ಹಿಂದೆ ‘ಅವರಿಗೆ ಗೊತ್ತಾಗದಂತೆ ಕೊಡಿ’ ಅಂತ ಜಾಹೀರಾತು ಅಂಟಿಸುವವರ ಮೇಲೆ ನನಗೆ ತುಂಬಾ ಸಿಟ್ಟಿದೆ. ಆ ಪೊಟ್ಟಣದಲ್ಲಿ ಏನಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಕುಡಿತ ಬಿಡಿಸಲು ಡಾಕ್ಟರುಗಳು ಕೊಡುವ ಡೈಸಲ್ಫಿರಾಮ್ ಅನ್ನುವ ಮಾತ್ರೆ ಇದೆ. ಅದನ್ನು ನುಂಗಿದವರು ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಬಿ.ಪಿ. ಬಿದ್ದು ಜೀವಕ್ಕೇ ಅಪಾಯ. ಅದಕ್ಕೇ ರೋಗಿಗೆ ಹೇಳಿ, ಒಪ್ಪಿಸಿಯೇ ಕೊಡಬೇಕು. ಪುಡಿಯಲ್ಲಿ ಅದೇ ಇದ್ದರೆ? ಅದೂ ಎಣ್ಣೆ ಗ್ಲಾಸಿಗೇ?

ಆ ಅಕ್ಕನನ್ನು ಗದರಬೇಡಿ. ಒಂದು ಕುರ್ಚಿ ಕೊಟ್ಟು ಕೂರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿಗೆ ಹತ್ತಿರದವರಾದರೆ ನಿಮ್ಹಾನ್ಸ್‌ನಲ್ಲಿ ಕುಡಿತ ಬಿಡಿಸುವುದಕ್ಕೇ ಪ್ರತ್ಯೇಕ ವಿಭಾಗ ಇದೆ. ಬಿಲ್ ಪುಸ್ತಕದ ಹಾಳೆ ಹರಿದು ನಂಬರ್ ದೊಡ್ಡದಾಗಿ ಬರೆದು ಕೊಡಿ. ಅವರ ಗಂಡ ಬಂದಾಗ ನೀವು ಮೊದಲು ನೀರು ಇಡಿ.