ಕತ್ತರಿ ಮಾತು ಆಮೇಲೆ, ಮೊದಲು ಆ ಕೈ ನಿಲ್ಲಲಿ

ಡೊಂಬಿವಲಿಯಿಂದ ಬಂದ ಈ ಪತ್ರವನ್ನು ಮೂರು ಸಲ ಓದಿದೆ. ಮೂರನೇ ಸಲ ಓದಿದ ಮೇಲೆ ಎದ್ದು ಹೋಗಿ ನೀರು ಕುಡಿದು ಬಂದೆ.

ಬರೆದವರು ಕುಂದಾಪುರ ಕಡೆಯವರು. ಚೊಚ್ಚಲ ಮಗು, ಗಂಡು, ಈಗ ಏಳು ವಾರ. ಮಗುವಿನ ಮೂತ್ರದ ಜಾಗ ಕೆಂಪಾಗಿ ಊದಿಕೊಂಡಿತ್ತು ಎಂದು ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದಾರೆ. ಡಾಕ್ಟರು ಒಂದೇ ನಿಮಿಷ ನೋಡಿ, "ಚರ್ಮ ಟೈಟ್ ಇದೆ, ಸುನ್ನತಿ ಮಾಡಿಸಿಬಿಡಿ" ಎಂದಿದ್ದಾರೆ. ನ್ಯೂಜೆರ್ಸಿಯಲ್ಲಿರುವ ಭಾವ ವಿಡಿಯೊ ಕಾಲ್‌ನಲ್ಲಿ, "ಇಲ್ಲಿ ಎಲ್ಲರೂ ಮಾಡಿಸ್ತಾರೆ, ನಮ್ಮ ಇಬ್ಬರು ಗಂಡುಮಕ್ಕಳಿಗೂ ಮಾಡಿಸಿದ್ದೇವೆ" ಎಂದಿದ್ದಾರೆ. ಅಣ್ಣ ಹೇಳಿದ ಮೇಲೆ ಮುಗಿಯಿತು, ಗಂಡ ತಯಾರು. ಅತ್ತೆ ಮಾತ್ರ "ನಮ್ಮಲ್ಲಿ ಅದೆಲ್ಲ ಇಲ್ಲ, ನಾಳೆ ಜನ ಏನಂತಾರೆ" ಎಂದು ಊಟ ಬಿಟ್ಟು ಕೂತಿದ್ದಾರೆ. ಮುಂದಿನ ವಾರಕ್ಕೆ ತಾರೀಖು ಗೊತ್ತಾಗಿದೆ. ಮಾಡಿಸಬೇಕೋ ಬೇಡವೋ ಎಂದು ಕೇಳಿದ್ದಾರೆ.

ಎರಡು ಪುಟದ ಆ ಪತ್ರದಲ್ಲಿ, ಭಾವನ ಮಾತಿಗೂ ಅತ್ತೆಯ ಮಾತಿಗೂ ನಡುವೆ ಒಂದು ಸಾಲು ಇದೆ. "ಮಾಲಿಶ್ ಬಾಯಿ ದಿನಾ ಎಣ್ಣೆ ಹಾಕಿ ಚರ್ಮ ಹಿಂದಕ್ಕೆ ಎಳೆದು ಬಿಡಿಸುತ್ತಾಳೆ, ಒಂದೆರಡು ಸಲ ಸ್ವಲ್ಪ ರಕ್ತ ಕಂಡಿತ್ತು, ಆದರೆ ಅವಳು ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡುವವಳು." ಅಷ್ಟೇ. ಮುಂದಿನ ಸಾಲಿನಲ್ಲಿ ಮತ್ತೆ ಭಾವ. (ಬಾಯಿ ಎಂದರೆ ಮುಂಬೈ ಕಡೆ ಮನೆಗೆ ಕೆಲಸಕ್ಕೆ ಬರುವ ಹೆಂಗಸು. ಇವಳು ಮಗುವಿಗೆ ಎಣ್ಣೆ ತಿಕ್ಕಿ ಸ್ನಾನ ಮಾಡಿಸುವವಳು.)

ತಂಗೀ, ನಿಮ್ಮ ಪ್ರಶ್ನೆಗೆ ಉತ್ತರ ಆ ಸಾಲಿನಲ್ಲೇ ಇದೆ.

ಹುಟ್ಟಿದ ಗಂಡುಮಗುವಿನ ಮುಂದೊಗಲು, ಅಂದರೆ ಸುನ್ನತಿಯಲ್ಲಿ ಕತ್ತರಿಸಿ ತೆಗೆಯುವ ಚರ್ಮ, ಒಳಗಿನ ತುದಿಗೆ ಅಂಟಿಕೊಂಡೇ ಇರುತ್ತದೆ. ಬಾಳೆಕಾಯಿಯ ಸಿಪ್ಪೆಯನ್ನು ಕೈಯಲ್ಲಿ ಸುಲಿಯಲು ಹೋಗಿ ನೋಡಿ, ತಿರುಳೂ ಕಿತ್ತು ಬರುತ್ತದೆ. ಹಣ್ಣಾದ ಮೇಲೆ ಅದೇ ಸಿಪ್ಪೆ ಸಲೀಸಾಗಿ ಬಿಡುತ್ತದೆ. ಇದೂ ಹಾಗೇ. ಡಗ್ಲಸ್ ಗೇರ್ಡ್ನರ್ ಎಂಬ ಬ್ರಿಟಿಷ್ ವೈದ್ಯರು 1949ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಅವರು ನೋಡಿದ ನವಜಾತ ಶಿಶುಗಳಲ್ಲಿ ನೂರಕ್ಕೆ ನಾಲ್ಕು ಮಕ್ಕಳಿಗೆ ಮಾತ್ರ ಚರ್ಮ ಪೂರ್ತಿ ಹಿಂದೆ ಸರಿಯುತ್ತಿತ್ತು. 1968ರಲ್ಲಿ ಡೆನ್ಮಾರ್ಕಿನ ಯಾಕೋಬ್ ಓಸ್ಟರ್ ಶಾಲೆಯ ಹುಡುಗರನ್ನು ನೋಡಿದರು. ಆರೇಳು ವರ್ಷದಲ್ಲಿ ನೂರಕ್ಕೆ ಎಂಟು ಹುಡುಗರಿಗೆ ಚರ್ಮ ಬಿಗಿಯಾಗಿತ್ತು, ಹದಿನಾರು ಹದಿನೇಳಕ್ಕೆ ಬರುವಾಗ ನೂರಕ್ಕೆ ಒಬ್ಬನಿಗೆ. ವಯಸ್ಸು ತಾನೇ ಮಾಡುವ ಕೆಲಸ ಅದು. ಏಳು ವಾರದ ಮಗುವಿಗೆ ಚರ್ಮ ಟೈಟ್ ಇದೆ ಎನ್ನುವುದು, ಇನ್ನೂ ಹಲ್ಲು ಬಂದಿಲ್ಲ ಎಂದು ದೂರಿದ ಹಾಗೆ.

ಅದನ್ನು ದಿನಾ ಎಳೆದರೆ ಹರಿಯುತ್ತದೆ. ರಕ್ತ ಬರುತ್ತದೆ, ಊದಿಕೊಳ್ಳುತ್ತದೆ, ಮಗು ಉಚ್ಚೆ ಮಾಡುವಾಗ ಕಿರುಚುತ್ತದೆ. ಗಾಯ ಒಣಗುವಾಗ ಗಡುಸಾಗಿ ಕಟ್ಟಿಕೊಂಡು, ಆಮೇಲೆ ನಿಜವಾಗಿಯೂ ಬಿಗಿಯಾಗಬಹುದು. ಇಲ್ಲದ ರೋಗವನ್ನು ಮನೆಯಲ್ಲೇ ಮಾಡಿಕೊಂಡ ಹಾಗಾಯಿತು, ಅಲ್ವಾ?

ಆ ಬಚ್ಚಲು ನನಗೆ ಚೆನ್ನಾಗಿ ಗೊತ್ತು. ಮುಲುಂಡಿನಲ್ಲಿ ನಮ್ಮದು ಒಂದೇ ಕೋಣೆಯ ಮನೆ. ಬಾಯಿ ಸೀರೆ ಎತ್ತಿ ಕಟ್ಟಿ, ಮಣೆಯ ಮೇಲೆ ಕೂತು, ಎರಡೂ ಕಾಲು ಚಾಚಿ, ಮೊಣಕಾಲ ಕೆಳಗೆ ಮಗುವನ್ನು ಮಲಗಿಸಿಕೊಳ್ಳುತ್ತಿದ್ದಳು. ತೆಂಗಿನೆಣ್ಣೆ, ಕಡಲೆಹಿಟ್ಟು, ಹೊಗೆಯಾಡುವ ಬಿಸಿನೀರು. ಕೈಕಾಲು ನೀವುವಾಗ ಮಗು ಸುಖವಾಗಿ ಕಣ್ಣು ಮುಚ್ಚುತ್ತಿತ್ತು. ಆಮೇಲೆ ಶುರು. ಮೂಗು ಎಳೆಯುವುದು, ಎದೆ ಹಿಂಡಿ ಹಾಲು ತೆಗೆಯುವುದು, ಕೊನೆಗೆ ಅಲ್ಲಿ ಎಳೆಯುವುದು. ತಾಯಿಯ ಹಾರ್ಮೋನಿನಿಂದ ಮಗುವಿನ ಎದೆ ಕೆಲವು ವಾರ ಉಬ್ಬಿರುತ್ತದೆ, ತಾನೇ ಇಳಿಯುತ್ತದೆ, ಹಿಂಡಿದರೆ ಕೀವು ಕಟ್ಟಬಹುದು. ಅದನ್ನೂ ಮಾಡಿಸಬೇಡಿ. ಬಾಣಂತಿ ಅಲ್ಲಿ ಕೂರಬಾರದು ಎಂದು ನನ್ನನ್ನು ಬಾಗಿಲ ಈಚೆ ಕೂರಿಸಿದ್ದರು. ಸೆರಗು ಕಚ್ಚಿಕೊಂಡು ಮೂರು ದಿನ ಆ ಅಳು ಕೇಳಿದೆ. ನಾಲ್ಕನೇ ದಿನ ಬಾಗಿಲು ತಳ್ಳಿದೆ. ಮಗು ಒರೆಸಲು ಇಟ್ಟಿದ್ದ ಹಳೆ ಪಂಚೆಯ ತುಂಡಿನ ಮೇಲೆ ಸಾಸಿವೆಯಷ್ಟು ಒಂದು ಕೆಂಪು ಚುಕ್ಕೆ ಇತ್ತು.

ಅತ್ತರೆ ಮಗುವಿನ ಎದೆ ಗಟ್ಟಿಯಾಗುತ್ತೆ ಎನ್ನುವ ಮಾತನ್ನು ನಾನು ಅವತ್ತಿನಿಂದ ಒಪ್ಪಿಲ್ಲ. ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ, ಮತ್ತೆ ಬರೆಯುತ್ತೇನೆ. ಅಳು ಮಗುವಿನ ಮಾತು. ಅದು ಬೇಡ ಅಂದರೆ ಬೇಡ.

ಬಾಯಿಯ ಮೇಲೆ ನನಗೆ ಸಿಟ್ಟಿಲ್ಲ. ಮನೆ ಮನೆ ಸುತ್ತಿ ಹೊಟ್ಟೆ ಹೊರೆಯುವ ಹೆಂಗಸು. ಅವಳಿಗೆ ಹಿರಿಯರು ಹೇಳಿಕೊಟ್ಟದ್ದು ಅದು, ಹಾಗೆ ಎಳೆಯಬಾರದು ಎಂದು ಯಾರೂ ಹೇಳಿಲ್ಲ. ಗಾಯ ನೋಡಿಯೂ ಅದು ಹೇಗಾಯಿತು ಎಂದು ಕೇಳದ ಡಾಕ್ಟರ ಮೇಲೆ ಸಿಟ್ಟಿದೆ. ಅದಕ್ಕಿಂತ ಜಾಸ್ತಿ ಸಿಟ್ಟು ನಿಮ್ಮ ಯಜಮಾನರ ಮೇಲೆ. ಎರಡು ಪುಟದಲ್ಲಿ ಅವರು ಒಂದು ಸಲವೂ ಮಗುವನ್ನು ಎತ್ತಿಕೊಂಡದ್ದು ನನಗೆ ಕಾಣಲಿಲ್ಲ. ಬೆಳಿಗ್ಗೆ ಫಾಸ್ಟ್ ಲೋಕಲ್ ಹಿಡಿದರೆ ಬರುವುದು ರಾತ್ರಿ ಒಂಬತ್ತಕ್ಕೆ ಎಂದು ನೀವೇ ಅವರ ಪರ ಬರೆದಿದ್ದೀರಿ. ನ್ಯೂಜೆರ್ಸಿಗೆ ಫೋನು ಮಾಡಲು ಹೊತ್ತು ಇದೆ. ಮಗನ ಅಂಗಿ ಬಿಚ್ಚಿ ನೋಡಲು ಇಲ್ಲ.

ಭಾವನ ಮಾತಿಗೆ ಎರಡೇ ಮಾತು. ಅಮೆರಿಕದಲ್ಲಿ "ಎಲ್ಲರೂ" ಮಾಡಿಸುವುದಿಲ್ಲ. 2010ರಲ್ಲಿ ಅಲ್ಲಿನ ಆಸ್ಪತ್ರೆಗಳಲ್ಲಿ ನವಜಾತ ಗಂಡುಮಕ್ಕಳಲ್ಲಿ ನೂರಕ್ಕೆ ಸುಮಾರು 58 ಮಕ್ಕಳಿಗೆ ಮಾಡಿದ್ದರು. ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲಿ ಅಪಾಯಕ್ಕಿಂತ ಲಾಭ ಹೆಚ್ಚು ಎಂದಿತು, ಆದರೂ ಎಲ್ಲ ಮಕ್ಕಳಿಗೂ ಮಾಡಿಸಿ ಎನ್ನಲಿಲ್ಲ, ತಂದೆತಾಯಿಗೆ ಬಿಟ್ಟಿತು. ಕೆನಡಾದ ಮಕ್ಕಳ ವೈದ್ಯರು 2015ರಲ್ಲಿ ಎಲ್ಲರಿಗೂ ಮಾಡಿಸುವ ಅಗತ್ಯ ಇಲ್ಲ ಎಂದರು. ಲಾಭ ಇಲ್ಲವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಎಳೆ ಮಕ್ಕಳಿಗೆ ಮೂತ್ರದ ಸೋಂಕು ಕಡಿಮೆಯಾಗುತ್ತದೆ, ಆದರೆ ಒಂದು ಸೋಂಕು ತಪ್ಪಿಸಲು ಸುಮಾರು ನೂರು ಮಕ್ಕಳಿಗೆ ಕತ್ತರಿ ಹಾಕಬೇಕು. ಹೆಣ್ಣಿನಿಂದ ಗಂಡಿಗೆ ಎಚ್‌ಐವಿ ತಗಲುವುದು ಸುಮಾರು 60 ಶೇಕಡಾ ಕಡಿಮೆಯಾಗುತ್ತದೆ ಎಂದು ಆಫ್ರಿಕಾದಲ್ಲಿ ಗೊತ್ತಾಗಿದೆ. ಆ ಯೋಚನೆ ನಿಮ್ಮ ಮಗ ದೊಡ್ಡವನಾದ ಮೇಲೆ ತಾನೇ ಮಾಡಲಿ.

ಅತ್ತೆಯನ್ನು ಗೇಲಿ ಮಾಡಬೇಡಿ. ಮನೆಯಲ್ಲಿ ಬೇಡ ಎಂದವರು ಅವರೊಬ್ಬರೇ. ಆದರೆ "ಜನ ಏನಂತಾರೆ" ಎಂಬ ಅವರ ಕಾರಣ ನನ್ನದಲ್ಲ. ನಮ್ಮ ಕನ್ನಡದಲ್ಲಿ ಜನಿವಾರ ಹಾಕುವುದಕ್ಕೂ ಮುಂಜಿ ಅಂತೀವಿ, ಮುಸ್ಲಿಮರ ಮನೆಯ ಸುನ್ನತಿಗೂ ಮುಂಜಿ ಅಂತೀವಿ. ಇದೇ ಮುಂಬೈಯಲ್ಲಿ ಬೆನೆ ಇಸ್ರೇಲ್ ಯೆಹೂದಿಗಳ ಮನೆಯಲ್ಲಿ ಎಂಟನೇ ದಿನಕ್ಕೆ ಮಾಡಿಸುತ್ತಾರೆ. ಅವರಿಗೆ ಅದು ನಂಬಿಕೆ. ಅಂಥ ಮನೆಯ ತಾಯಿ ಬರೆದಿದ್ದರೆ ಪಳಗಿದ ಕೈ, ನೋವು ಕಾಣದ ಹಾಗೆ ಮರಗಟ್ಟಿಸುವ ಮದ್ದು, ಶುಚಿ ಇದರ ಬಗ್ಗೆ ಮಾತಾಡುತ್ತಿದ್ದೆ. ನಿಮ್ಮ ಮನೆಯಲ್ಲಿ ನಂಬಿಕೆಯೂ ಇಲ್ಲ, ಕಾಯಿಲೆಯೂ ಕಾಣುತ್ತಿಲ್ಲ. ಇರುವುದು ಬೆರಳಿನ ಗಾಯ.

ಮುಂದಿನ ವಾರದ ತಾರೀಖು ರದ್ದು ಮಾಡಿ. ನಾಳೆಯೇ ಮಕ್ಕಳ ಶಸ್ತ್ರಚಿಕಿತ್ಸೆಯ ಡಾಕ್ಟರಿಗೆ ತೋರಿಸಿ, ಪರೇಲ್‌ನಲ್ಲಿ ವಾಡಿಯಾ ಮಕ್ಕಳ ಆಸ್ಪತ್ರೆ ಇದೆ. ಕೂತ ಕೂಡಲೇ ಎಳೆದ ವಿಷಯ ಹೇಳಿ, ನಾಚಿಕೆ ಬೇಡ. ಎಳೆದ ಚರ್ಮ ಹಿಂದೆಯೇ ಸಿಕ್ಕಿಕೊಂಡು ತುದಿ ಊದಿದ್ದರೆ, ಉಚ್ಚೆ ನಿಂತರೆ, ಜ್ವರ ಬಂದರೆ ನಾಳೆವರೆಗೂ ಕಾಯಬೇಡಿ, ಆ ಗಳಿಗೆಯಲ್ಲೇ ಹೊರಡಿ. ದೊಡ್ಡವನಾದ ಮೇಲೂ ಬಿಗಿ ಉಳಿದರೆ ಸಾಮಾನ್ಯವಾಗಿ ಮೊದಲು ಮುಲಾಮು ಕೊಟ್ಟು ನೋಡುತ್ತಾರೆ.

ಮನೆಗೆ ಒಂದೇ ಕಟ್ಟಳೆ. ಇನ್ನು ಮೇಲೆ ಮಗುವಿಗೆ ಸ್ನಾನ ಮಾಡಿಸುವುದು ಅಪ್ಪ. ಹದವಾದ ಬಿಸಿನೀರು, ಹೊರಗಿನಿಂದ ಮಾತ್ರ ತೊಳೆಯಬೇಕು, ಚರ್ಮವನ್ನು ಯಾರೂ ಎಳೆಯಬಾರದು. ಬಾಯಿಗೆ ತಿಂಗಳ ದುಡ್ಡು ಪೂರ್ತಿ ಕೊಡಿ, ಅವಳು ನಿಮ್ಮ ಬೆನ್ನಿಗೆ ಎಣ್ಣೆ ತಿಕ್ಕಲಿ, ನಿಮಗೂ ಬೇಕು. ಬೆಳಿಗ್ಗೆ ಲೋಕಲ್ ತಪ್ಪುತ್ತದೆ ಎಂದರೆ ರಾತ್ರಿ ಒಂಬತ್ತಕ್ಕೆ ಅವರು ಚಪ್ಪಲಿ ಬಿಡುವ ಹೊತ್ತಿಗೆ ನೀರು ಕಾಯಿಸಿಡಿ. ಮಗುವನ್ನು ಅವರ ಕೈಗೆ ಕೊಡಿ.